ರಾಜ್ಯಕ್ಕೆಲ್ಲ ಹಸಿರು ಕರೆಂಟ್ ಸಾಕಾಗುತ್ತಾ? ಲೆಕ್ಕ ನೀವೇ ಹಾಕಿ ನೋಡುವ ಬಗೆ

ನಮ್ಮಲ್ಲಿ ಬಿಸಿಲಿದೆ, ಚಿತ್ರದುರ್ಗ–ಗದಗದ ಕಡೆ ಗಾಳಿ ಇದೆ, ಶರಾವತಿ, ಕಾಳಿ, ವಾರಾಹಿ ಇವೆ. ಇಷ್ಟೆಲ್ಲ ಇದ್ದೂ ರಾಯಚೂರಿನಲ್ಲಿ ಕಲ್ಲಿದ್ದಲು ಯಾಕೆ ಸುಡಬೇಕು? ಈ ಪ್ರಶ್ನೆ ಎಲ್ಲರ ತಲೆಯಲ್ಲೂ ಒಮ್ಮೆಯಾದರೂ ಬಂದಿರುತ್ತದೆ. ಕೆಲವರು "ಇನ್ನೊಂದಷ್ಟು ಸೋಲಾರ್ ಹಾಕಿದರೆ ಮುಗೀತು" ಅನ್ನುತ್ತಾರೆ, ಕೆಲವರು "ಅದೆಲ್ಲ ಆಗದ ಮಾತು" ಅನ್ನುತ್ತಾರೆ. ಇಬ್ಬರ ಮಾತನ್ನೂ ಪಕ್ಕಕ್ಕಿಟ್ಟು ನೀವೇ ಒಂದು ಲೆಕ್ಕ ಹಾಕಿ ನೋಡಿ. ಬೇಕಾಗುವುದು ಒಂದು ಮೊಬೈಲ್, ಒಂದು ಗ್ರಾಫ್ ಹಾಳೆ, ಪೆನ್ಸಿಲ್, ಮತ್ತೆ ಕೂಡಿ ಕಳೆದು ಗುಣಿಸುವಷ್ಟು ತಾಳ್ಮೆ. ಹೈಸ್ಕೂಲ್ ಮಕ್ಕಳೂ ಮಾಡಬಹುದು.

ಆಗುತ್ತೆ ಅನ್ನುವುದು ನನ್ನ ನಂಬಿಕೆ. ಆದರೆ ವರ್ಷಕ್ಕೆ ಎಷ್ಟು ಯುನಿಟ್ ಅಂತ ನೋಡುತ್ತಾ ಕೂತರೆ ಆಗಲ್ಲ, ಯಾವ ಗಂಟೆಗೆ ಎಷ್ಟು ಅಂತ ನೋಡಿದರೆ ಮಾತ್ರ ದಾರಿ ಕಾಣುತ್ತದೆ.

ಮೊದಲು ವರ್ಷದ ಲೆಕ್ಕ ಬಿಡಿ

"ನಮ್ಮ ರಾಜ್ಯದ ಸಾಮರ್ಥ್ಯದಲ್ಲಿ ಇಷ್ಟು ಪಾಲು ಹಸಿರು" ಅನ್ನುವ ಸುದ್ದಿ ಆಗಾಗ ಬರುತ್ತದೆ. ಅದರಲ್ಲಿ ಸುಳ್ಳೇನಿಲ್ಲ. ಕರ್ನಾಟಕದ ಸೌರ ಸಾಮರ್ಥ್ಯ 9,000 ಮೆಗಾವ್ಯಾಟ್ ದಾಟಿದೆ, ಗಾಳಿಯದು 7,000 ದಾಟಿದೆ, ದೊಡ್ಡ ಜಲವಿದ್ಯುತ್ ಕೇಂದ್ರಗಳದ್ದು 3,600ಕ್ಕೂ ಜಾಸ್ತಿ. ಬೇಡಿಕೆ 2025ರ ಮಾರ್ಚ್‌ನಲ್ಲಿ 18,000 ಮೆಗಾವ್ಯಾಟ್ ದಾಟಿತ್ತು. ಈ ಅಂಕಿಗಳನ್ನು ಪಕ್ಕಪಕ್ಕ ಇಟ್ಟರೆ ಹಸಿರು ಕರೆಂಟ್ ಒಟ್ಟು ಬೇಡಿಕೆಗಿಂತಲೂ ಜಾಸ್ತಿ ಇದ್ದ ಹಾಗೆ ಕಾಣುತ್ತದೆ, ಅಲ್ವಾ?

ಬರೆದಿಟ್ಟ ಸಾಮರ್ಥ್ಯ ಬೇರೆ, ರಾತ್ರಿ ಎಂಟು ಗಂಟೆಗೆ ಕೈಗೆ ಸಿಗುವುದು ಬೇರೆ. ರಾತ್ರಿ ಎಂಟಕ್ಕೆ ಸೋಲಾರ್ ಸೊನ್ನೆ. ಮಾರ್ಚ್ ತಿಂಗಳಲ್ಲಿ ಗಾಳಿ ಯಂತ್ರಗಳು ತಮ್ಮ ಶಕ್ತಿಯ ಸಣ್ಣ ಪಾಲು ಮಾತ್ರ ಕೊಡುತ್ತವೆ. ಜಲಾಶಯದ ನೀರನ್ನು ಜೂನ್ ತನಕ ಉಳಿಸಿಕೊಳ್ಳಬೇಕು. ಹಾಗಾಗಿ ಮೆಗಾವ್ಯಾಟ್ ಕೂಡುವ ಕೆಲಸ ಬಿಟ್ಟು, ಗಡಿಯಾರ ಇಟ್ಟುಕೊಂಡು ಕೂರಬೇಕು.

ಒಂದು ದಿನದ ಗ್ರಾಫ್ ಬರೆಯಿರಿ

ಬೆಂಗಳೂರಿನ ಆನಂದರಾವ್ ಸರ್ಕಲ್ ಬಳಿ ಕರೆಂಟ್ ಸಾಗಿಸುವ ಸರ್ಕಾರಿ ನಿಗಮ ಕೆಪಿಟಿಸಿಎಲ್‌ನ ರಾಜ್ಯ ಲೋಡ್ ಡಿಸ್ಪ್ಯಾಚ್ ಕೇಂದ್ರ ಇದೆ. ಇಡೀ ರಾಜ್ಯದ ಕರೆಂಟ್ ಹರಿವನ್ನು ಹಗಲೂ ರಾತ್ರಿ ಕಾಯುವವರು ಇವರೇ. ಅವರ ವೆಬ್‌ಸೈಟ್‌ನಲ್ಲಿ ಆ ಹೊತ್ತಿನ ಬೇಡಿಕೆ, ಫ್ರೀಕ್ವೆನ್ಸಿ, ಶರಾವತಿ, ನಾಗಝರಿ, ವಾರಾಹಿ, ರಾಯಚೂರು, ಬಳ್ಳಾರಿ ಕೇಂದ್ರಗಳು ಕೊಡುತ್ತಿರುವ ಮೆಗಾವ್ಯಾಟ್, ಗಾಳಿ ಮತ್ತು ಸೌರದ ಮೊತ್ತ, ಎಲ್ಲ ಕಾಣುತ್ತದೆ. ಯಾರು ಬೇಕಾದರೂ ನೋಡಬಹುದು, ದುಡ್ಡು ಕೊಡಬೇಕಿಲ್ಲ.

ಬೆಳಗ್ಗೆ ಏಳು, ಮಧ್ಯಾಹ್ನ ಒಂದು, ಸಂಜೆ ಐದೂವರೆ, ರಾತ್ರಿ ಎಂಟು, ಬೆಳಗಿನ ಜಾವ ಮೂರು. ಈ ಐದು ಹೊತ್ತಿಗೆ ಆ ಪುಟ ತೆರೆದು ಬರೆದಿಟ್ಟುಕೊಳ್ಳಿ. ಮೂರು ಗಂಟೆಗೆ ಏಳೋಕಾಗದಿದ್ದರೆ ರಾತ್ರಿ ಪಾಳಿಯಲ್ಲಿರುವ ಸ್ನೇಹಿತರಿಗೆ ಹೇಳಿ. ಗ್ರಾಫ್ ಹಾಳೆಯಲ್ಲಿ ಬೇಡಿಕೆಯ ಗೆರೆ ಒಂದು ಬಣ್ಣದಲ್ಲಿ, ಸೋಲಾರ್ ಮತ್ತು ಗಾಳಿ ಸೇರಿಸಿದ ಗೆರೆ ಇನ್ನೊಂದು ಬಣ್ಣದಲ್ಲಿ ಎಳೆಯಿರಿ. ಎರಡರ ನಡುವೆ ಉಳಿಯುವ ಅಂತರವೇ ನಿಮಗೆ ಬೇಕಾದದ್ದು. ಅಷ್ಟನ್ನು ನೀರು, ಕಲ್ಲಿದ್ದಲು, ಕೈಗಾ ಅಣು ಸ್ಥಾವರ, ಹೊರಗಿನಿಂದ ಕೊಂಡದ್ದು, ಇವೆಲ್ಲ ಸೇರಿ ತುಂಬುತ್ತಿವೆ.

ಒಂದೇ ದಿನ ಸಾಲದು. ಯುಗಾದಿ ಹೊತ್ತಿನಲ್ಲಿ ಒಂದು ದಿನ, ಆಷಾಢದಲ್ಲಿ ಒಂದು ದಿನ, ದೀಪಾವಳಿ ಆಸುಪಾಸಿನಲ್ಲಿ ಒಂದು ದಿನ ಮಾಡಿ. ಮೂರೂ ಬೇರೆ ಬೇರೆ ರಾಜ್ಯದ ಗ್ರಾಫ್ ಅನ್ನಿಸುವಷ್ಟು ವ್ಯತ್ಯಾಸ ಇರುತ್ತದೆ. ಯುಗಾದಿ ಹೊತ್ತಿಗೆ ಬಿಸಿಲು ಜೋರು, ಗಾಳಿ ಕಮ್ಮಿ, ಪಂಪ್‌ಸೆಟ್‌ಗಳೆಲ್ಲ ಓಡುತ್ತಿರುತ್ತವೆ. ಆಷಾಢದಲ್ಲಿ ಗಾಳಿ ಹಗಲೂ ರಾತ್ರಿ ಬೀಸುತ್ತದೆ, ಮೋಡ ಕವಿದು ಸೋಲಾರ್ ಇಳಿಯುತ್ತದೆ, ಮಳೆ ಬಂದು ಪಂಪ್ ನಿಂತಿರುತ್ತದೆ. ಪ್ರಕೃತಿಯೇ ಒಂದು ಮಟ್ಟಿಗೆ ಹೊಂದಿಸಿಕೊಟ್ಟಿದೆ, ನಮ್ಮ ರಾಜ್ಯದ ದೊಡ್ಡ ಅದೃಷ್ಟ ಇದು. ದೀಪಾವಳಿ ಹೊತ್ತಿಗೆ ಮಾತ್ರ ಗಾಳಿ ನಿಂತಿರುತ್ತದೆ, ಹಿಂಗಾರು ಕೈಕೊಟ್ಟರೆ ಪಂಪ್ ಶುರುವಾಗಿರುತ್ತದೆ, ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಎದ್ದರೆ ನಾಲ್ಕೈದು ದಿನ ಸೂರ್ಯನೂ ಸರಿಯಾಗಿ ಕಾಣಲ್ಲ.

ಸಂಜೆ ನಾಲ್ಕರಿಂದ ಏಳರ ತನಕದ ಭಾಗವನ್ನು ವಿಶೇಷವಾಗಿ ನೋಡಿ. ಮಧ್ಯಾಹ್ನ ಸೋಲಾರ್‌ನಿಂದ 6,000 ಮೆಗಾವ್ಯಾಟ್ ಬರುತ್ತಿದ್ದರೆ ಮೂರು ಗಂಟೆಯೊಳಗೆ ಅದು ಪೂರ್ತಿ ಹೋಗುತ್ತದೆ. ಅಂದರೆ ನಿಮಿಷಕ್ಕೆ 33 ಮೆಗಾವ್ಯಾಟ್‌ನಂತೆ ಬೇರೆ ಕಡೆಯಿಂದ ತರಬೇಕು. ರಾಯಚೂರು (1,720), ಬಳ್ಳಾರಿ (1,700), ಯರಮರಸ್ (1,600) ಮೂರೂ ಸ್ಥಾವರ ಸೇರಿಸಿದರೂ 5,020 ಮೆಗಾವ್ಯಾಟ್. ಕಲ್ಲಿದ್ದಲು ಘಟಕ ತಣ್ಣಗಾಗಿದ್ದರೆ ಮತ್ತೆ ಎಬ್ಬಿಸೋಕೆ ಗಂಟೆಗಟ್ಟಲೆ ಬೇಕು. ಅದಕ್ಕೇ ಮಧ್ಯಾಹ್ನ ಸೋಲಾರ್ ಜಾಸ್ತಿ ಇರುವಾಗಲೂ ಅವನ್ನು ಪೂರ್ತಿ ಆರಿಸದೆ, ಅರ್ಧ ಶಕ್ತಿಯ ಆಸುಪಾಸಿನಲ್ಲಿ ಓಡಿಸುತ್ತಿರುತ್ತಾರೆ. ಸೂರ್ಯ ಇರುವಾಗ ಕಲ್ಲಿದ್ದಲು ಯಾಕೆ ಅಂತ ಬೈಯುವ ಮುಂಚೆ ಸಂಜೆಯ ಈ ಮೂರು ಗಂಟೆ ನೆನಪಿರಲಿ.

ಪೂರ್ತಿ ಹಸಿರಾದರೆ ಏನು ಬೇಕು: ಕೈಲೆಕ್ಕ

ಈಗ ನಿಜವಾದ ಲೆಕ್ಕ. ಸುಲಭವಾಗಲಿ ಅಂತ ದುಂಡು ಅಂಕಿ ಇಟ್ಟುಕೊಳ್ಳೋಣ. ನಿಮ್ಮ ಗ್ರಾಫ್ ಬಂದ ಮೇಲೆ ಅದರ ಅಂಕಿ ಹಾಕಿಕೊಳ್ಳಿ. ಒಂದು ಮೆಗಾವ್ಯಾಟ್ ಒಂದು ಗಂಟೆ ಓಡಿದರೆ 1,000 ಯುನಿಟ್, ಇದೊಂದು ನೆನಪಿರಲಿ.

ಬೇಸಿಗೆಯ ಒಂದು ದಿನ. ಹಗಲು 12 ಗಂಟೆ ಸರಾಸರಿ 14,000 ಮೆಗಾವ್ಯಾಟ್ ಬೇಡಿಕೆ ಅಂದರೆ 16.8 ಕೋಟಿ ಯುನಿಟ್. ರಾತ್ರಿ 12 ಗಂಟೆ ಸರಾಸರಿ 11,000 ಅಂದರೆ 13.2 ಕೋಟಿ ಯುನಿಟ್. ಒಟ್ಟು 30 ಕೋಟಿ.

ರಾತ್ರಿಯ ಪಾಲನ್ನು ಮೊದಲು ತುಂಬಿಸಿ ನೋಡೋಣ. ಜಲವಿದ್ಯುತ್ ಕೇಂದ್ರಗಳನ್ನೆಲ್ಲ ರಾತ್ರಿಯಿಡೀ ಪೂರ್ತಿ ಓಡಿಸಿದರೆ 3,600 ಗುಣಿಸು 12, ಸುಮಾರು 4.3 ಕೋಟಿ. ಬೇಸಿಗೆ ಗಾಳಿಯಿಂದ ಸರಾಸರಿ 1,000 ಮೆಗಾವ್ಯಾಟ್ ಸಿಕ್ಕಿತು ಅಂದುಕೊಂಡರೆ 1.2 ಕೋಟಿ. ಉಳಿದದ್ದು 7.7 ಕೋಟಿ ಯುನಿಟ್. ಇದು ಹಗಲು ಕೂಡಿಟ್ಟದ್ದರಿಂದಲೇ ಬರಬೇಕು. ಕೂಡಿಟ್ಟು ತೆಗೆಯುವಾಗ ಒಂದಿಷ್ಟು ನಷ್ಟ ಇದ್ದೇ ಇರುತ್ತದೆ, ಹಾಗಾಗಿ ಹಗಲು 9 ಕೋಟಿ ತುಂಬಿಸಬೇಕು. ಹಗಲಿನ ಬಳಕೆ ಸೇರಿಸಿ, ಹಗಲಿನ ಗಾಳಿ ಕಳೆದರೆ ಸೋಲಾರ್‌ನಿಂದ ದಿನಕ್ಕೆ ಸುಮಾರು 25 ಕೋಟಿ ಯುನಿಟ್ ಬೇಕಾಗುತ್ತದೆ. ಒಂದು ಮೆಗಾವ್ಯಾಟ್ ಸೋಲಾರ್ ದಿನಕ್ಕೆ 5,000 ಯುನಿಟ್ ಕೊಡುತ್ತದೆ ಅಂತ ಹಿಡಿದರೆ 50,000 ಮೆಗಾವ್ಯಾಟ್!

ಈಗಿರುವುದನ್ನು ಕಳೆದರೆ ಇನ್ನೂ 40,000. ತುಮಕೂರು ಜಿಲ್ಲೆಯ ಪಾವಗಡದ ಸೋಲಾರ್ ಪಾರ್ಕ್ 2,050 ಮೆಗಾವ್ಯಾಟ್, ಸುಮಾರು 13,000 ಎಕರೆ. ತಿರುಮಣಿ, ವಳ್ಳೂರು ಮುಂತಾದ ಐದು ಊರಿನ ರೈತರಿಂದ ಭೂಮಿ ಕೊಳ್ಳದೆ ಗುತ್ತಿಗೆಗೆ ಪಡೆದು ಕಟ್ಟಿದ್ದು ಅದು. ಅಂಥ 20 ಪಾವಗಡ ಬೇಕು, ಅಂದರೆ ಎರಡೂವರೆ ಲಕ್ಷ ಎಕರೆಗೂ ಜಾಸ್ತಿ. ಭೂಮಿ ಎಲ್ಲಿಂದ? ಗುತ್ತಿಗೆ ಹಣ ಜಮೀನಿದ್ದವರಿಗೆ ಬರುತ್ತದೆ, ಆ ಜಮೀನಿನಲ್ಲಿ ಕೂಲಿ ಮಾಡುತ್ತಿದ್ದವರಿಗೆ, ಕುರಿ ಮೇಯಿಸುತ್ತಿದ್ದವರಿಗೆ ಏನು? ಈ ಪ್ರಶ್ನೆಗೆ ಉತ್ತರ ಇಲ್ಲದೆ 20 ಪಾವಗಡ ಕಟ್ಟೋಕೆ ಹೊರಡಬಾರದು ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ಇನ್ನು ಬ್ಯಾಟರಿ. 1,000 ಮೆಗಾವ್ಯಾಟ್ ಶಕ್ತಿಯಲ್ಲಿ ನಾಲ್ಕು ಗಂಟೆ ಓಡುವ ಒಂದು ಬ್ಯಾಟರಿ ಘಟಕ ಅಂದರೆ 40 ಲಕ್ಷ ಯುನಿಟ್. 7.7 ಕೋಟಿಗೆ ಅಂಥವು ಸುಮಾರು 19 ಬೇಕು. ಬ್ಯಾಟರಿ ಬೆಲೆ ಇಳಿಯುತ್ತಿರುವ ವೇಗ ನೋಡಿದರೆ ಇದು ಹಗಲುಗನಸಲ್ಲ. ಆದರೆ ಇದು ಒಂದು ರಾತ್ರಿಗೆ ಮಾತ್ರ. ಚಂಡಮಾರುತ ಬಂದು ನಾಲ್ಕು ದಿನ ಮೋಡ ಕವಿದರೆ ಎರಡನೇ ರಾತ್ರಿಗೆ ಬ್ಯಾಟರಿ ಖಾಲಿ.

ಮೆಗಾವ್ಯಾಟ್ ಬೇರೆ, ಯುನಿಟ್ ಬೇರೆ

ಇಲ್ಲಿ ತುಂಬಾ ಜನ ಎಡವುತ್ತಾರೆ, ಪತ್ರಿಕೆಗಳೂ ಎಡವುತ್ತವೆ. ಲಿಂಗನಮಕ್ಕಿ ತಗೊಳ್ಳಿ. ಪೂರ್ತಿ ತುಂಬಿದರೆ ಸುಮಾರು 151 ಟಿಎಂಸಿ. ಆ ನೀರು ತಳಕಳಲೆ ಅನ್ನುವ ಸಣ್ಣ ಜಲಾಶಯ ದಾಟಿ 400 ಮೀಟರ್‌ಗೂ ಜಾಸ್ತಿ ಎತ್ತರದಿಂದ ಶರಾವತಿ ಕೇಂದ್ರಕ್ಕೆ ಇಳಿಯುತ್ತದೆ. ಅಷ್ಟೂ ನೀರಿನಿಂದ ಹೆಚ್ಚುಕಡಿಮೆ 450 ಕೋಟಿ ಯುನಿಟ್ ಮಾಡಬಹುದು, ನಮ್ಮ ಲೆಕ್ಕದ 30 ಕೋಟಿಯ ದಿನಗಳಲ್ಲಿ 15 ದಿನ. ಯಾವ ಬ್ಯಾಟರಿಯೂ ಇದರ ಹತ್ತಿರ ಸುಳಿಯಲ್ಲ. ಆದರೆ ಅಲ್ಲಿನ ಹತ್ತು ಯಂತ್ರಗಳ ಶಕ್ತಿ ಸೇರಿ 1,035 ಮೆಗಾವ್ಯಾಟ್. 24 ಗಂಟೆ ಓಡಿಸಿದರೂ ದಿನಕ್ಕೆ ಎರಡೂವರೆ ಕೋಟಿ ಯುನಿಟ್ ದಾಟಲ್ಲ. ಟ್ಯಾಂಕ್ ದೊಡ್ಡದು, ನಲ್ಲಿ ಸಣ್ಣದು.

ಯಾರಾದರೂ "ಇಷ್ಟು ಮೆಗಾವ್ಯಾಟ್ ಸ್ಟೋರೇಜ್" ಅಂದರೆ "ಎಷ್ಟು ಗಂಟೆಗೆ?" ಅಂತ ಕೇಳಿ. "ಇಷ್ಟು ಯುನಿಟ್" ಅಂದರೆ "ಎಷ್ಟು ಮೆಗಾವ್ಯಾಟ್ ವೇಗದಲ್ಲಿ?" ಅಂತ ಕೇಳಿ. ಎರಡೂ ಅಂಕಿ ಇಲ್ಲದ ಮಾತು ಅರ್ಧ ಮಾತು.

ನೀರನ್ನೇ ಮತ್ತೆ ಮೇಲೆತ್ತಿ ಬಳಸುವ ಪಂಪ್ಡ್ ಸ್ಟೋರೇಜ್ ಇನ್ನೊಂದು ದಾರಿ. ಮಧ್ಯಾಹ್ನದ ಸೋಲಾರ್‌ನಿಂದ ಕೆಳಗಿನ ಕೆರೆಯ ನೀರನ್ನು ಮೇಲಿನ ಕೆರೆಗೆ ಎತ್ತಿಟ್ಟು, ರಾತ್ರಿ ಇಳಿಸಿ ಕರೆಂಟ್ ಮಾಡುವುದು. ನಾಲ್ಕು ಯುನಿಟ್ ಹಾಕಿದರೆ ಮೂರಕ್ಕಿಂತ ತುಸು ಜಾಸ್ತಿ ವಾಪಸ್ ಬರುತ್ತದೆ. ಆಂಧ್ರದ ಕರ್ನೂಲು ಸೀಮೆಯ ಪಿನ್ನಾಪುರಂನಲ್ಲಿ 1,680 ಮೆಗಾವ್ಯಾಟ್‌ನ ಇಂಥ ಯೋಜನೆ ನದಿಗೆ ಅಡ್ಡ ಕಟ್ಟದೆ, ಬಯಲುಸೀಮೆಯ ಗುಡ್ಡದ ಮೇಲೆ ಎದ್ದಿದೆ. ನಮ್ಮಲ್ಲಿ ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2,000 ಮೆಗಾವ್ಯಾಟ್‌ನ ಯೋಜನೆ ಮುಂದಿಟ್ಟಿದ್ದಾರೆ. ಜಲಾಶಯಗಳು ಈಗಾಗಲೇ ಇವೆ ಅನ್ನುವುದು ಅದರ ಪರವಾದ ಮಾತು. ಆದರೆ ಅದು ಸಿಂಗಳೀಕಗಳ ಅಭಯಾರಣ್ಯದ ಒಳಗೆ, ಮಳೆಕಾಡಿನ ನಡುವೆ. ಊರಿನವರೂ ಪರಿಸರದವರೂ ವಿರೋಧಿಸುತ್ತಿರುವುದು ಸುಮ್ನೆ ಅಲ್ಲ. ಶರಾವತಿ ಕಣಿವೆ ರಾಜ್ಯದ ಬೆಳಕಿಗಾಗಿ ಒಮ್ಮೆ ಮುಳುಗಿದೆ, ಮುಳುಗಡೆ ಸಂತ್ರಸ್ತರ ಮಕ್ಕಳು ಮೊಮ್ಮಕ್ಕಳು ಇವತ್ತಿಗೂ ಭೂಮಿಯ ಹಕ್ಕಿಗಾಗಿ ಅಲೆಯುತ್ತಿದ್ದಾರೆ. ಬಯಲುಸೀಮೆಯ ಒಣ ಗುಡ್ಡಗಳನ್ನು ಮೊದಲು ಹುಡುಕಲಿ.

ಕೆಟ್ಟ ವರ್ಷವನ್ನು ಹಿಡಿದು ಲೆಕ್ಕ ಹಾಕಿ

ಒಂದು ವಿಷಯ ಮರೆತೇ ಹೋಗಿದೆ: ಕರ್ನಾಟಕ ಒಂದು ಕಾಲಕ್ಕೆ ಹೆಚ್ಚುಕಡಿಮೆ ಪೂರ್ತಿ ನವೀಕರಿಸಬಹುದಾದ ವಿದ್ಯುತ್ತಿನ ರಾಜ್ಯವೇ ಆಗಿತ್ತು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋಯಿತು, 1905ರಲ್ಲಿ ಬೆಂಗಳೂರಿಗೆ ಬಂತು, 1964ರಲ್ಲಿ ಲಿಂಗನಮಕ್ಕಿ ಆಯಿತು. ಎಲ್ಲವೂ ನೀರು. ರಾಯಚೂರಿನ ಮೊದಲ ಕಲ್ಲಿದ್ದಲು ಘಟಕ ಓಡಿದ್ದು 1985ರಲ್ಲಿ. ಯಾಕೆ ಬೇಕಾಯಿತು? ಮಳೆ ಕೈಕೊಟ್ಟ ವರ್ಷ ಕರೆಂಟೂ ಕೈಕೊಡುತ್ತಿತ್ತು, ಕಾರ್ಖಾನೆಗಳು ನಿಲ್ಲುತ್ತಿದ್ದವು. ಕಲ್ಲಿದ್ದಲು ಬಂದದ್ದು ಬರಗಾಲದ ಭಯಕ್ಕೆ.

ಆ ಭಯ ಹೋಗಿಲ್ಲ. 2023ರ ಅಕ್ಟೋಬರ್ ನೆನಪು ಮಾಡಿಕೊಳ್ಳಿ. ಮುಂಗಾರು ಸರಿಯಾಗಿ ಆಗಲಿಲ್ಲ, ಜಲಾಶಯ ತುಂಬಲಿಲ್ಲ. ಬೆಳೆ ಒಣಗುತ್ತಿದೆ ಅಂತ ರೈತರು ಮಳೆಗಾಲದಲ್ಲೇ ಬೋರ್‌ವೆಲ್ ಓಡಿಸಿದರು, ಬೇಡಿಕೆ ಏರಿತು, ಗಾಳಿಯ ಕಾಲ ಅಷ್ಟರಲ್ಲಿ ಮುಗಿದಿತ್ತು. ನೀರು ಕಮ್ಮಿಯಾದಾಗಲೇ ಕರೆಂಟ್ ಜಾಸ್ತಿ ಬೇಕು, ಕರೆಂಟ್ ಮಾಡುವ ನೀರೂ ಆಗಲೇ ಇಲ್ಲ. ಹಳ್ಳಿಗಳಲ್ಲಿ ಪಂಪ್ ಓಡಿಸೋಕೆ ಬೇಕಾದ ಮೂರು ಫೇಸ್ ಕರೆಂಟಿನ ಗಂಟೆಗಳು ಕಮ್ಮಿಯಾದವು, ರೈತರು ಬೀದಿಗಿಳಿದರು. ಸರ್ಕಾರ ವಿದ್ಯುತ್ ಕಾಯ್ದೆಯ ಸೆಕ್ಷನ್ 11 ಬಳಸಿ ಖಾಸಗಿ ಉತ್ಪಾದಕರ ಕರೆಂಟ್ ರಾಜ್ಯಕ್ಕೇ ಸಿಗುವ ಹಾಗೆ ಮಾಡಿತು. ಉತ್ತರ ಪ್ರದೇಶ ಮತ್ತು ಪಂಜಾಬಿನಿಂದ ಕರೆಂಟನ್ನು ಕೈಗಡ ತಂದು, ನಮ್ಮಲ್ಲಿ ಗಾಳಿ ಬೀಸುವ 2024ರ ಮಳೆಗಾಲದಲ್ಲಿ ಹಿಂದಿರುಗಿಸುವ ಒಪ್ಪಂದ ಆಯಿತು. ಈ ಕೈಗಡದ ಉಪಾಯ ನನಗೆ ತುಂಬಾ ಇಷ್ಟ, ದೊಡ್ಡ ದೇಶಕ್ಕೆ ಸೇರಿದ ಲಾಭ ಇದೇ. ಅವರ ಚಳಿಗಾಲ, ನಮ್ಮ ಗಾಳಿಗಾಲ, ಒಂದಕ್ಕೊಂದು ಹೊಂದುತ್ತದೆ.

ಹಾಗಾಗಿ ನಿಮ್ಮ ಲೆಕ್ಕದಲ್ಲಿ ಜಲವಿದ್ಯುತ್ತನ್ನು ಅರ್ಧ ಮಾಡಿ, ಪಂಪ್ ಬೇಡಿಕೆಯನ್ನು ಕಾಲು ಪಾಲು ಏರಿಸಿ, ಇನ್ನೊಮ್ಮೆ ಹಾಕಿ ನೋಡಿ. ಆಗಲೂ ನಿಲ್ಲುವ ಯೋಜನೆಯೇ ಯೋಜನೆ. ನನ್ನ ಅಭಿಪ್ರಾಯ ಕೇಳಿದರೆ, ರಾಯಚೂರು–ಬಳ್ಳಾರಿಯ ಕೆಲವು ಘಟಕಗಳನ್ನು ಕೆಡವದೆ, ವರ್ಷದಲ್ಲಿ ಕೆಲವೇ ವಾರ ಓಡುವ ಕಾಪಿಡುವ ಘಟಕಗಳಾಗಿ ಇಟ್ಟುಕೊಳ್ಳಬೇಕು. ಅದಕ್ಕೂ ಖರ್ಚಿದೆ, ಆ ಖರ್ಚನ್ನು ಮುಚ್ಚಿಡದೆ ಜನರಿಗೆ ಹೇಳಬೇಕು.

50 ಅನ್ನುವ ಅಂಕಿ

ಲೋಡ್ ಡಿಸ್ಪ್ಯಾಚ್ ಪುಟದಲ್ಲಿ ಫ್ರೀಕ್ವೆನ್ಸಿ ಅಂತ ಒಂದು ಅಂಕಿ ಕಾಣುತ್ತದೆ, 49.98, 50.02, ಹೀಗೆ. ಎಸಿ ಕರೆಂಟ್ ಸೆಕೆಂಡಿಗೆ ಎಷ್ಟು ಸಲ ಹಿಂದೆ ಮುಂದೆ ಆವರ್ತಿಸುತ್ತದೆ ಅನ್ನುವ ಲೆಕ್ಕ ಅದು. ಒಂದೈದು ನಿಮಿಷ ಅದನ್ನೇ ನೋಡುತ್ತಾ ಕೂರಿ. ದೇಶದಲ್ಲಿ ಎಲ್ಲೋ ಬಳಕೆ ಏರಿದರೆ ಅದು ಚೂರು ಇಳಿಯುತ್ತದೆ, ಉತ್ಪಾದನೆ ಜಾಸ್ತಿಯಾದರೆ ಚೂರು ಏರುತ್ತದೆ. 49.9ರಿಂದ 50.05ರ ನಡುವೆ ಇರಬೇಕು ಅನ್ನುವುದು ನಿಯಮ. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದ ಗ್ರಿಡ್, ಅಂದರೆ ವಿದ್ಯುತ್ ಜಾಲ, ಕುಸಿದು ಕೋಟಿಗಟ್ಟಲೆ ಜನ ಕತ್ತಲಲ್ಲಿದ್ದಾಗ ನಮ್ಮದು ಕುಸಿಯಲಿಲ್ಲ, ಯಾಕೆಂದರೆ ದಕ್ಷಿಣದ ಗ್ರಿಡ್ ಆಗ ಬೇರೆಯೇ ಇತ್ತು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕೆವಿ ಲೈನ್ ಮೂಲಕ ನಾವೂ ಸೇರಿಕೊಂಡೆವು. ಈಗ ಕಾಶ್ಮೀರದಿಂದ ಕನ್ಯಾಕುಮಾರಿ ತನಕ ಒಂದೇ ಫ್ರೀಕ್ವೆನ್ಸಿ.

ದೊಡ್ಡ ಕೇಂದ್ರಗಳಲ್ಲಿ ನೂರಾರು ಟನ್ ತೂಕದ ಚಕ್ರ ತಿರುಗುತ್ತಿರುತ್ತದೆ. ಎಲ್ಲೋ ಒಂದು ಘಟಕ ತಟ್ಟನೆ ನಿಂತರೆ, ಈ ಚಕ್ರಗಳ ವೇಗವೇ ಕೆಲವು ಸೆಕೆಂಡ್ ಗ್ರಿಡ್ಡನ್ನು ಹಿಡಿದು ನಿಲ್ಲಿಸುತ್ತದೆ. ಸೋಲಾರ್‌ನಲ್ಲಿ ತಿರುಗುವ ಚಕ್ರ ಇಲ್ಲ, ಪ್ಯಾನಲ್‌ನ ಡಿಸಿ ಕರೆಂಟನ್ನು ಎಸಿ ಮಾಡುವ ಇನ್ವರ್ಟರ್ ಇದೆ. ಈಗಿರುವ ಬಹುಪಾಲು ಇನ್ವರ್ಟರ್‌ಗಳು ಗ್ರಿಡ್ ಹೇಗಿದೆಯೋ ಹಾಗೆ ಅನುಸರಿಸುತ್ತವೆ, ತಾವಾಗಿ ಗ್ರಿಡ್ ಕಟ್ಟಲ್ಲ. 2016ರ ಸೆಪ್ಟೆಂಬರ್ 28ರಂದು ದಕ್ಷಿಣ ಆಸ್ಟ್ರೇಲಿಯಾದಲ್ಲಿ ಬಿರುಗಾಳಿಗೆ ಟವರ್‌ಗಳು ಬಿದ್ದಾಗ, ಗಾಳಿ ಯಂತ್ರಗಳು ತಮ್ಮ ಸೆಟ್ಟಿಂಗ್ ಪ್ರಕಾರ ಸಾಲಾಗಿ ಕಳಚಿಕೊಂಡು ಇಡೀ ರಾಜ್ಯ ಕತ್ತಲಾಯಿತು. ಅವರು ಗಾಳಿಯನ್ನು ಬಿಡಲಿಲ್ಲ. ಸೆಟ್ಟಿಂಗ್ ಬದಲಿಸಿದರು, ಮುಂದಿನ ವರ್ಷವೇ ಹಾರ್ನ್ಸ್‌ಡೇಲ್‌ನಲ್ಲಿ 100 ಮೆಗಾವ್ಯಾಟ್ ಬ್ಯಾಟರಿ ಹಾಕಿದರು, ಆಮೇಲೆ ಇಂಧನ ಸುಡದೆ ಸುಮ್ನೆ ತಿರುಗುತ್ತಾ ಗ್ರಿಡ್ಡಿಗೆ ಬಲ ಕೊಡುವ ಸಿಂಕ್ರೊನಸ್ ಕಂಡೆನ್ಸರ್‌ಗಳನ್ನು ತಂದರು. ಇವತ್ತು ಅವರ ಕರೆಂಟಿನಲ್ಲಿ ಸುಮಾರು 70 ಪರ್ಸೆಂಟ್ ಗಾಳಿ ಮತ್ತು ಬಿಸಿಲಿನದು.

2025ರ ಏಪ್ರಿಲ್ 28ರಂದು ಸ್ಪೇನ್, ಪೋರ್ಚುಗಲ್ ಎರಡೂ ಮಟಮಟ ಮಧ್ಯಾಹ್ನ ಕತ್ತಲಾದವು. ಅಲ್ಲಿ ವೋಲ್ಟೇಜ್ ಏರುತ್ತಾ ಹೋಗಿ, ಅದನ್ನು ತಗ್ಗಿಸುವವರಿಲ್ಲದೆ ಒಂದರ ಹಿಂದೆ ಒಂದು ಘಟಕ ಕಳಚಿಕೊಂಡಿತು. ಸೋಲಾರ್ ಪಾರ್ಕ್ ಕಟ್ಟುವವರು ಯುನಿಟ್ ಮಾತ್ರ ಕೊಟ್ಟರೆ ಸಾಲದು, ವೋಲ್ಟೇಜ್ ಹಿಡಿಯುವ ಜವಾಬ್ದಾರಿಯನ್ನೂ ಹೊರಬೇಕು, ಅದಕ್ಕೆ ದುಡ್ಡೂ ಸಿಗಬೇಕು.

ಲೈನ್‌ಗಳ ಬಗ್ಗೆ ಒಂದೇ ಮಾತು: ಸೋಲಾರ್ ಪಾರ್ಕ್ ಒಂದೂವರೆ ಎರಡು ವರ್ಷದಲ್ಲಿ ಏಳುತ್ತದೆ, 400 ಕೆವಿ ಲೈನ್‌ಗೆ ಅದಕ್ಕಿಂತ ತುಂಬಾ ಜಾಸ್ತಿ ಕಾಲ ಬೇಕು. ಹೊಸ ಪಾರ್ಕ್ ಸುದ್ದಿ ಓದಿದಾಗೆಲ್ಲ ಅದರ ಲೈನ್ ಎಲ್ಲಿಗೆ ಬಂತು ಅಂತ ವಿಚಾರಿಸಿ.

ನಿಮ್ಮ ಕೈಯಲ್ಲಿರುವುದು: ಕೆಲಸವನ್ನು ಹಗಲಿಗೆ ತನ್ನಿ

ಲೆಕ್ಕದಲ್ಲಿ 19 ಬ್ಯಾಟರಿ ಬಂತಲ್ಲ, ಅದನ್ನು ಇಳಿಸುವ ಅತಿ ಅಗ್ಗದ ದಾರಿ ರಾತ್ರಿಯ ಬಳಕೆಯನ್ನು ಹಗಲಿಗೆ ತರುವುದು. ಇದರಲ್ಲಿ ಮೊದಲ ಸ್ಥಾನ ರೈತರ ಪಂಪ್‌ಸೆಟ್‌ಗೆ. ರಾಜ್ಯದಲ್ಲಿ 30 ಲಕ್ಷಕ್ಕೂ ಜಾಸ್ತಿ ಐಪಿ ಸೆಟ್‌ಗಳಿವೆ (ನೀರಾವರಿ ಪಂಪ್‌ಗಳು), ಒಟ್ಟು ಕರೆಂಟಿನಲ್ಲಿ ಸುಮಾರು ಮೂರನೇ ಒಂದು ಪಾಲು ಅಲ್ಲಿಗೇ ಹೋಗುತ್ತದೆ. 5 ಎಚ್‌ಪಿ ಮೋಟಾರ್ ಅಂದರೆ ಸುಮಾರು 4 ಕಿಲೋವ್ಯಾಟ್. ಒಂದು ಲಕ್ಷ ಮೋಟಾರ್‌ಗಳನ್ನು ರಾತ್ರಿಯಿಂದ ಹಗಲಿಗೆ ತಂದರೆ 400 ಮೆಗಾವ್ಯಾಟ್, ಏಳು ಗಂಟೆಗೆ 28 ಲಕ್ಷ ಯುನಿಟ್. ಅಷ್ಟು ಬ್ಯಾಟರಿ ಕೊಳ್ಳುವುದೇ ಬೇಡ! ನೆಲದಲ್ಲಿ, ಕೃಷಿ ಹೊಂಡದಲ್ಲಿ ನಿಂತ ನೀರೇ ಸ್ಟೋರೇಜ್. ರಾತ್ರಿ ಹೊತ್ತು ಟಾರ್ಚ್ ಹಿಡಿದು ಹಾವು, ಚಿರತೆ, ಆನೆ ಕಾಟದ ನಡುವೆ ನೀರು ಕಟ್ಟೋಕೆ ಹೋಗುವ ಕಷ್ಟವೂ ತಪ್ಪುತ್ತದೆ. ಗ್ರಿಡ್ಡಿಗೂ ರೈತನಿಗೂ ಒಟ್ಟಿಗೇ ಒಳ್ಳೆಯದಾಗುವ ಇಂಥ ಕೆಲಸ ಬೇರೆ ಇಲ್ಲ.

ನೀವು ಹಳ್ಳಿಯಲ್ಲಿದ್ದರೆ ನಿಮ್ಮ ಪಂಪ್‌ಗಳ ಫೀಡರ್ (ಸಬ್‌ಸ್ಟೇಷನ್‌ನಿಂದ ಹೊರಡುವ ಲೈನ್) ಊರಿನ ಮನೆಗಳ ಫೀಡರ್‌ನಿಂದ ಬೇರೆಯಾಗಿದೆಯಾ ಅಂತ ಸೆಕ್ಷನ್ ಆಫೀಸಿನಲ್ಲಿ ಕೇಳಿ. ಬೇರೆಯಾಗಿದ್ದರೆ ಹಗಲಿನ ಸರದಿ (ಬ್ಯಾಚ್) ಕೇಳುವುದು ಸುಲಭ. ಸಬ್‌ಸ್ಟೇಷನ್ ಪಕ್ಕದಲ್ಲೇ ಸೋಲಾರ್ ಹಾಕಿ ಆ ಫೀಡರ್‌ಗೆ ಹಗಲು ಕರೆಂಟ್ ಕೊಡುವ ಕುಸುಮ್ ಯೋಜನೆ ಇದೆ, ನಿಮ್ಮ ಸಬ್‌ಸ್ಟೇಷನ್ ಪಟ್ಟಿಯಲ್ಲಿದೆಯಾ ನೋಡಿ. ಇನ್ನೊಂದು ಸಣ್ಣ ವಿಷಯ, ಆದರೆ ದೊಡ್ಡದು: ಆಟೋ ಸ್ಟಾರ್ಟರ್. ಮೂರು ಫೇಸ್ ಬಂದ ಕ್ಷಣ ಫೀಡರ್‌ನ ಎಲ್ಲ ಮೋಟಾರ್‌ಗಳೂ ಒಟ್ಟಿಗೆ ಏಳುತ್ತವೆ. ಏಳುವಾಗ ಮೋಟಾರ್ ಎಳೆಯುವ ಕರೆಂಟ್ ಓಡುವಾಗಿನದಕ್ಕಿಂತ ಹಲವು ಪಟ್ಟು ಜಾಸ್ತಿ. ವೋಲ್ಟೇಜ್ ಕುಸಿಯುತ್ತದೆ, ಕೆಲವು ಮೋಟಾರ್ ಏಳಲಾಗದೆ ಗುಯ್‌ಗುಡುತ್ತವೆ, ಕಾಯಿಲ್ ಸುಡುತ್ತದೆ, ಟಿಸಿ (ಟ್ರಾನ್ಸ್‌ಫಾರ್ಮರ್) ಹೋಗುತ್ತದೆ, ಆಮೇಲೆ ಹೊಸ ಟಿಸಿಗೆ ದಿನಗಟ್ಟಲೆ ಕಾಯಬೇಕು. ಸ್ಟಾರ್ಟರ್‌ನಲ್ಲಿ ಟೈಮರ್ ಇದ್ದರೆ ಅಕ್ಕಪಕ್ಕದ ಹೊಲದವರು ಮಾತಾಡಿಕೊಂಡು ಒಬ್ಬರು ಒಂದು ನಿಮಿಷ, ಒಬ್ಬರು ಮೂರು ನಿಮಿಷ, ಒಬ್ಬರು ಐದು ನಿಮಿಷ ಅಂತ ಇಟ್ಟುಕೊಳ್ಳಿ. ಟಿಸಿ ಉಳಿಯುತ್ತದೆ.

ಅಪಾರ್ಟ್‌ಮೆಂಟಿನಲ್ಲಿದ್ದರೆ ಬೋರ್‌ವೆಲ್ ಮೋಟಾರನ್ನು ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ಮೂರರ ಒಳಗೆ ಓಡಿಸಿ ಸಂಪ್ ತುಂಬಿಸಿಡಿ. 300 ಮೀಟರ್ ಆಳದಿಂದ ಸಾವಿರ ಲೀಟರ್ ಎತ್ತೋಕೆ ಸುಮಾರು 2 ಯುನಿಟ್ ಬೇಕು. ಸಂಪ್‌ನಿಂದ ಓವರ್‌ಹೆಡ್ ಟ್ಯಾಂಕಿಗೆ ಏರಿಸೋಕೆ ಅದರ ಹತ್ತನೇ ಒಂದು ಪಾಲು ಸಾಕು, ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಬೆಂಗಳೂರಿಗೆ ಬರುವ ಕಾವೇರಿ ನೀರೂ ಹೀಗೇ: ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, 500 ಮೀಟರ್ ಎತ್ತರ, ಹಂತಹಂತವಾಗಿ ಪಂಪ್ ಆಗಿ ಬರುತ್ತದೆ. ನನ್ನ ಲೆಕ್ಕದಲ್ಲಿ ಸಾವಿರ ಲೀಟರ್‌ಗೆ ಅದೂ 2 ಯುನಿಟ್ ಹತ್ತಿರ ಬೀಳುತ್ತದೆ. ನಲ್ಲಿ ಸೋರಿದರೆ ಕರೆಂಟೂ ಸೋರುತ್ತದೆ.

ಗೀಸರ್ ಇನ್ನೊಂದು. ಹತ್ತು ಲಕ್ಷ ಮನೆಗಳಲ್ಲಿ ಬೆಳಗ್ಗೆ ಏಳಕ್ಕೆ 2 ಕಿಲೋವ್ಯಾಟ್ ಗೀಸರ್ ಒಟ್ಟಿಗೆ ಹಾಕಿದರೆ 2,000 ಮೆಗಾವ್ಯಾಟ್, ಶರಾವತಿಯ ಎರಡು ಪಟ್ಟು. ಬೆಂಗಳೂರಿನ ತಾರಸಿಗಳ ಮೇಲಿರುವ ಸೋಲಾರ್ ವಾಟರ್ ಹೀಟರ್‌ಗಳು ವರ್ಷಗಳಿಂದ ಈ ಹೊರೆ ಹೊರುತ್ತಿವೆ, ಅವುಗಳ ಬಗ್ಗೆ ಯಾರೂ ಮಾತಾಡಲ್ಲ. ನಿಮ್ಮದು ಕೆಟ್ಟು ಕೂತಿದ್ದರೆ ಗೀಸರ್ ಕೊಳ್ಳುವ ಬದಲು ಅದನ್ನೇ ರಿಪೇರಿ ಮಾಡಿಸಿ. ಎಲೆಕ್ಟ್ರಿಕ್ ಸ್ಕೂಟರ್, ಕಾರು ಇದ್ದರೆ ಸಂಜೆ ಬಂದ ತಕ್ಷಣ ಸಿಕ್ಕಿಸಬೇಡಿ. ಆಫೀಸಿನಲ್ಲಿ ಮಧ್ಯಾಹ್ನ ಚಾರ್ಜ್ ಮಾಡಲು ಪಾಯಿಂಟ್ ಕೇಳಿ, ಆಗದಿದ್ದರೆ ರಾತ್ರಿ ಹನ್ನೊಂದರ ಮೇಲೆ ಹಾಕಿ.

ತಾರಸಿ ಸೋಲಾರ್ ಹಾಕಿಸುವವರಿಗೆ: 1 ಕಿಲೋವ್ಯಾಟ್‌ಗೆ ದಿನಕ್ಕೆ ಸರಾಸರಿ 4 ಯುನಿಟ್, ಕೇಂದ್ರದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ. ಎಲ್ಲ ಪ್ಯಾನಲ್‌ಗಳನ್ನೂ ದಕ್ಷಿಣಕ್ಕೆ ತಿರುಗಿಸಿ ಅಂತಲೇ ಎಲ್ಲರೂ ಹೇಳುತ್ತಾರೆ, ಒಟ್ಟು ಯುನಿಟ್ ಜಾಸ್ತಿ ಬರುತ್ತದೆ ಅಂತ. ಜಾಗ ಇದ್ದರೆ ಒಂದೆರಡನ್ನು ಪಶ್ಚಿಮಕ್ಕೆ ಹಾಕಿಸಿ. ಒಟ್ಟು ಸ್ವಲ್ಪ ಕಮ್ಮಿಯಾದರೂ ಸಂಜೆ ನಾಲ್ಕರ ಮೇಲೆ, ಗ್ರಿಡ್ಡಿಗೆ ಜೀವ ಹೋಗುವ ಹೊತ್ತಿನಲ್ಲಿ, ಜಾಸ್ತಿ ಬರುತ್ತದೆ. ಕರೆಂಟ್ ಹೋದಾಗ ಸಾಮಾನ್ಯ ತಾರಸಿ ಸೋಲಾರೂ ನಿಲ್ಲುತ್ತದೆ, ಅದು ದೋಷ ಅಲ್ಲ. ಕಂಬ ಹತ್ತಿದ ಲೈನ್‌ಮ್ಯಾನ್‌ಗೆ ನಿಮ್ಮ ಮನೆಯಿಂದ ಶಾಕ್ ಹೊಡೆಯಬಾರದು ಅಂತ ಮಾಡಿರುವುದು. ಆಗಲೂ ಬೆಳಕು ಬೇಕಿದ್ದರೆ ಬ್ಯಾಟರಿ ಇರುವ ಹೈಬ್ರಿಡ್ ಇನ್ವರ್ಟರ್ ಕೇಳಿ.

ಮನೆಯವರು ಇಷ್ಟೆಲ್ಲ ಮಾಡಿದರೆ ಬಿಲ್ ಇಳಿಯುತ್ತಾ ಅಂದರೆ, ಸದ್ಯಕ್ಕೆ ಹೆಚ್ಚಿನವರಿಗೆ ಇಲ್ಲ. ಗೃಹಜ್ಯೋತಿ ಬಂದ ಮೇಲೆ 200 ಯುನಿಟ್ ಒಳಗಿನವರಿಗೆ ಹಗಲು ರಾತ್ರಿ ಎರಡೂ ಒಂದೇ. ಗೃಹಜ್ಯೋತಿ ಬೇಡ ಅಂತ ನಾನು ಹೇಳಲ್ಲ, ಬಡವರ ಮನೆಗೆ ಅದು ನಿಜವಾದ ಆಸರೆ. ಅದರ ಜೊತೆಗೇ ಹಗಲು ಬಳಸಿದವರಿಗೆ ಒಂದಿಷ್ಟು ಯುನಿಟ್ ಜಾಸ್ತಿ ಕೊಡುವ ಹಾಗೆ ಮಾಡಬಹುದಲ್ಲ?

ಯಾರಾದರೂ "ನಾವು 100 ಪರ್ಸೆಂಟ್ ಹಸಿರು" ಅಂದರೆ

ಕಂಪನಿ ಆಗಲಿ, ಕ್ಯಾಂಪಸ್ ಆಗಲಿ, ಹೀಗೆ ಹೇಳಿಕೊಂಡರೆ ಕೇಳಬೇಕಾದ ಮೊದಲ ಪ್ರಶ್ನೆ: ವರ್ಷದ ಲೆಕ್ಕವಾ, ಗಂಟೆಯ ಲೆಕ್ಕವಾ? ಜುಲೈ ತಿಂಗಳ ಗಾಳಿಯಲ್ಲಿ ಜಾಸ್ತಿ ಮಾಡಿ ಗ್ರಿಡ್ಡಿಗೆ ಹಾಕಿ, ನವೆಂಬರ್ ರಾತ್ರಿ ಕಲ್ಲಿದ್ದಲು ಕರೆಂಟ್ ಬಳಸಿ, ವರ್ಷದ ಕೊನೆಗೆ ಎರಡೂ ಸಮ ಅಂತ ತೋರಿಸುವುದು ಸುಲಭ. ಹಾಗೆ ಮಾಡುವುದೂ ಒಳ್ಳೆಯದೇ, ಏನೂ ಮಾಡದಿರುವುದಕ್ಕಿಂತ. ಆದರೆ ನವೆಂಬರ್ ರಾತ್ರಿಯ ಹೊರೆ ಹೊತ್ತವರು ಬೇರೆಯವರು, ಅದರ ಖರ್ಚು ಬೆಸ್ಕಾಂನಂಥ ವಿತರಣಾ ಕಂಪನಿಗಳ (ಎಸ್ಕಾಂ) ಮೂಲಕ ಉಳಿದ ಗ್ರಾಹಕರ ಬಿಲ್ಲಿಗೆ ಬರುತ್ತದೆ.

ಇದನ್ನೆಲ್ಲ ಕೇಳೋಕೆ ಒಂದು ಜಾಗ ಇದೆ. ಕರೆಂಟ್ ದರ ಪರಿಷ್ಕರಣೆಗೆ ಮುಂಚೆ ದರ ನಿಗದಿ ಮಾಡುವ ರಾಜ್ಯ ವಿದ್ಯುತ್ ನಿಯಂತ್ರಣ ಆಯೋಗ (ಕೆಇಆರ್‌ಸಿ) ಆಕ್ಷೇಪಣೆ ಕರೆಯುತ್ತದೆ, ಸಾರ್ವಜನಿಕ ವಿಚಾರಣೆ ನಡೆಸುತ್ತದೆ. ಅಲ್ಲಿ ಕೈಗಾರಿಕೆಯವರು ತಮ್ಮ ವಕೀಲರ ಜೊತೆ ಬರುತ್ತಾರೆ, ಸಾಮಾನ್ಯ ಗ್ರಾಹಕರು ಕಮ್ಮಿ. ಪತ್ರಿಕೆಯಲ್ಲಿ ಪ್ರಕಟಣೆ ಬಂದಾಗ ಕೊನೆಯ ದಿನಾಂಕ ಗುರುತು ಮಾಡಿಕೊಳ್ಳಿ. ನಿಮ್ಮ ಮೂರು ಗ್ರಾಫ್‌ಗಳನ್ನು ಲಗತ್ತಿಸಿ, ಕನ್ನಡದಲ್ಲೇ ಬರೆದು ಕೊಡಿ. ನಮ್ಮ ಫೀಡರ್‌ಗೆ ಹಗಲು ಮೂರು ಫೇಸ್ ಯಾವಾಗಿನಿಂದ? ಮನೆಗಳಿಗೆ ಬಿಸಿಲಿನ ಹೊತ್ತಿನ ಕಮ್ಮಿ ದರ ಯಾವಾಗ? ಕೊಳ್ಳುತ್ತಿರುವ ಬ್ಯಾಟರಿ ಎಷ್ಟು ಮೆಗಾವ್ಯಾಟ್, ಎಷ್ಟು ಗಂಟೆ? 2023ರಂಥ ವರ್ಷ ಮತ್ತೆ ಬಂದರೆ ಅಕ್ಟೋಬರ್ ರಾತ್ರಿ ಎಂಟು ಗಂಟೆಗೆ ಕರೆಂಟ್ ಎಲ್ಲಿಂದ ಬರುತ್ತದೆ, ಗಂಟೆವಾರು ಪಟ್ಟಿ ಕೊಡಿ ಅಂತ ಕೇಳಿ.